ಮಗುವಿಗೆ ಯಾವುದು ಒಳ್ಳೆಯದು? ಕೋರ್ಟ್ ಕೇಳುವುದು ಇದೊಂದನ್ನೇ

ಉದ್ಯಾವರದಲ್ಲಿ ಒಂದು ಜುಮಾ ಮುಗಿಸಿ ಮಸೀದಿಯಿಂದ ಹೊರಗೆ ಬರುವಾಗ, ಗಲ್ಫ್‌ನಿಂದ ರಜೆಯಲ್ಲಿ ಬಂದಿದ್ದ ತಂದೆಯೊಬ್ಬರು ನಮ್ಮನ್ನು ಬದಿಗೆ ಕರೆದರು. "ಮಗನಿಗೆ ಏಳು ವರ್ಷ ತುಂಬಿತು. ಇನ್ನು ಅವನು ನನಗೆ ಸಿಗಬೇಕಲ್ಲ?" ಎಂದು ಕೇಳಿದರು. ಕೆಲವೇ ದಿನಗಳಲ್ಲಿ ಇನ್ನೊಂದು ಮನೆಯ ತಾಯಿಯ ಫೋನ್ ಬಂತು. "ಖರ್ಚಿಗೆ ಒಂದು ಪೈಸೆ ಕೊಡುವುದಿಲ್ಲ. ಮತ್ತೆ ಮಗುವನ್ನು ನೋಡಲಿಕ್ಕೆ ನಾನು ಎಂತಕ್ಕೆ ಬಿಡಬೇಕು?"

ಇಬ್ಬರ ಸಂಕಟವೂ ನಿಜ. ಆದರೆ ಇಬ್ಬರೂ ಮಾತಾಡಿದ್ದು ತಮ್ಮ ಹಕ್ಕಿನ ಬಗ್ಗೆ. ಕೋರ್ಟಿನ ಲೆಕ್ಕ ಶುರುವಾಗುವುದೇ ಬೇರೆ ಕಡೆಯಿಂದ. ಇದು ತಿಳಿಯದೆ ನಮ್ಮ ಎಷ್ಟೋ ಮನೆಗಳು ವರ್ಷಗಟ್ಟಲೆ ತಪ್ಪು ದಾರಿಯಲ್ಲಿ ಹೋರಾಡುತ್ತವೆ. ಅಷ್ಟರಲ್ಲಿ ಮಗು ಬೆಳೆದೇ ಬಿಟ್ಟಿರುತ್ತದೆ.

ಏಳು ವರ್ಷದ ಲೆಕ್ಕ

"ಗಂಡು ಮಗು ಏಳರವರೆಗೆ ತಾಯಿಗೆ, ಹೆಣ್ಣು ಮಗು ಪ್ರಾಯಕ್ಕೆ ಬರುವವರೆಗೆ ತಾಯಿಗೆ, ಆಮೇಲೆ ತಂದೆಗೆ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಇದು ಹನಫಿ ಮದ್ಹಬಿನ ನಿಯಮ. ನಾವು ಬ್ಯಾರಿಗಳು ಹೆಚ್ಚಿನವರು ಶಾಫಿಗಳು. ಶಾಫಿ ಫಿಕ್ಹ್‌ನಲ್ಲಿ ಮಗುವಿಗೆ ತಿಳಿವಳಿಕೆ ಬರುವವರೆಗೆ, ಅಂದರೆ ಸುಮಾರು ಏಳು ವರ್ಷದವರೆಗೆ, ಸಾಕುವ ಹಕ್ಕು ತಾಯಿಯದ್ದು. ಆಮೇಲೆ ಮಗುವನ್ನೇ ಕೇಳಬೇಕು. ಅದು ಗಂಡಾಗಲಿ, ಹೆಣ್ಣಾಗಲಿ. ಉಮ್ಮ ಮತ್ತು ಉಪ್ಪನ ನಡುವೆ ನಿಂತ ಬಾಲಕನಿಗೆ ಆಯ್ಕೆಯನ್ನು ಬಿಟ್ಟುಕೊಟ್ಟ, ಅವನು ತಾಯಿಯ ಕೈ ಹಿಡಿದು ಹೋದ ಪ್ರಸಂಗ ಹದೀಸಿನಲ್ಲೇ ಇದೆ. ಅಂದರೆ ಏಳು ತುಂಬಿದ ದಿನ ಮಗು ತನ್ನಿಂತಾನೇ ತಂದೆಯ ಮನೆಗೆ ಹೋಗಬೇಕೆಂದು ನಮ್ಮ ಮದ್ಹಬ್ ಕೂಡ ಹೇಳುವುದಿಲ್ಲ.

ಕಾನೂನು ಏನು ಹೇಳುತ್ತದೆ?

ಮಗುವಿನ ಸುಪರ್ದಿಯ ಅರ್ಜಿಗಳು ಮುಖ್ಯವಾಗಿ 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯ ಕೆಳಗೆ ನಡೆಯುತ್ತವೆ. ಬ್ರಿಟಿಷರ ಕಾಲದ ಈ ಕಾಯ್ದೆ ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. 1937ರ ಶರೀಅತ್ ಕಾಯ್ದೆಯಂತೆ ಮುಸ್ಲಿಮರ ಪಾಲಕತ್ವದ ವಿಷಯದಲ್ಲಿ ವೈಯಕ್ತಿಕ ಕಾನೂನಿಗೆ ಜಾಗ ಇದೆ. ಕೋರ್ಟ್ ಅದನ್ನು ಬದಿಗೆ ತಳ್ಳುವುದಿಲ್ಲ. ಆದರೆ ಆ ನಿಯಮ ಮತ್ತು ಮಗುವಿನ ಹಿತ ಎದುರುಬದುರಾದಾಗ ಹಿತಕ್ಕೇ ತೂಕ ಹೆಚ್ಚು.

ಹಿತವನ್ನು ಅಳೆಯುವುದು ಹೇಗೆ? ಕಾಯ್ದೆಯ 17ನೇ ಕಲಂನಲ್ಲಿ ಪಟ್ಟಿಯೇ ಇದೆ: ಮಗುವಿನ ವಯಸ್ಸು, ಲಿಂಗ, ಧರ್ಮ, ಮಗುವನ್ನು ಕೇಳುವವರ ನಡತೆ, ಸಾಮರ್ಥ್ಯ, ರಕ್ತಸಂಬಂಧ, ಮಗುವಿನ ಜೊತೆ ಅವರು ಇದುವರೆಗೆ ಹೇಗಿದ್ದರು ಎಂಬುದು. ತಿಳಿದು ಹೇಳುವಷ್ಟು ದೊಡ್ಡದಾಗಿದ್ದರೆ ಮಗುವಿನ ಇಷ್ಟವನ್ನೂ ನ್ಯಾಯಾಧೀಶರು ಪರಿಗಣಿಸಬಹುದು. ಸಾಮಾನ್ಯವಾಗಿ ಅವರು ಮಗುವನ್ನು ತಮ್ಮ ಕೊಠಡಿಗೆ ಕರೆದು ಒಬ್ಬರೇ ಮಾತಾಡುತ್ತಾರೆ. ಹಿಂದಿನ ರಾತ್ರಿ ಯಾರೋ ಬಾಯಿಪಾಠ ಮಾಡಿಸಿದ ಮಾತು ಅಲ್ಲಿ ಬೇಗ ಗೊತ್ತಾಗಿಬಿಡುತ್ತದೆ.

ವಲಿ ಬೇರೆ, ಸಾಕುವವರು ಬೇರೆ

ಇದಕ್ಕೆ ನಮ್ಮ ರಾಜ್ಯದ್ದೇ ಉದಾಹರಣೆ ಇದೆ. ಬೆಂಗಳೂರಿನ ಮುಸ್ಲಿಂ ಕುಟುಂಬವೊಂದರ ವ್ಯಾಜ್ಯ 2010ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ಅಲ್ಲಿ ಬೇರೆಯಾದ ದಂಪತಿ ಇರಲಿಲ್ಲ, ತಾಯಿ ತೀರಿಕೊಂಡಿದ್ದರು. 13 ವರ್ಷದ ಮಗಳು ಮತ್ತು 5 ವರ್ಷದ ಮಗ ತಾಯಿಯ ಮನೆಯವರ ಬಳಿ ಇದ್ದರು. ತಂದೆ ಮರುಮದುವೆಯಾಗಿದ್ದರು. ತಾನೇ ವಲಿ, ಮಕ್ಕಳು ತನ್ನ ಬಳಿ ಇರಬೇಕು ಎಂಬುದು ಅವರ ವಾದ.

ಕೋರ್ಟ್ ಎರಡು ವಿಷಯಗಳನ್ನು ಬಿಡಿಸಿ ನೋಡಿತು. ಪಾಲಕತ್ವ ಬೇರೆ, ಸುಪರ್ದಿ ಬೇರೆ. ತಂದೆ ಸಹಜ ಪಾಲಕ ಹೌದು. ಆದರೆ ಮಗು ದಿನನಿತ್ಯ ಯಾರ ಮನೆಯಲ್ಲಿ ಇರಬೇಕು ಎಂಬುದನ್ನು ಹಿತ ನೋಡಿ ತೀರ್ಮಾನಿಸಬೇಕು. ಮಗಳು ತಾಯಿಯ ಮನೆಯವರ ಜೊತೆಗೇ ಇರುತ್ತೇನೆ ಎಂದಿದ್ದಳು. ಅಕ್ಕ ತಮ್ಮನನ್ನು ಬೇರೆ ಮಾಡುವುದೂ ಸರಿ ಕಾಣಲಿಲ್ಲ. ಮುಖ್ಯ ಕೇಸು ಮುಗಿಯುವವರೆಗೆ ಮಕ್ಕಳು ಇದ್ದಲ್ಲೇ ಇರಲಿ ಎಂದು ಆದೇಶವಾಯಿತು.

ಮರುಮದುವೆಯ ವಿಷಯದಲ್ಲೂ ನಮ್ಮಲ್ಲಿ ತಪ್ಪು ತಿಳಿವಳಿಕೆ ಇದೆ. ಉಮ್ಮ ಮತ್ತೆ ನಿಕಾಹ್ ಆದರೆ ಮಗು ಕೈತಪ್ಪಿತು ಎಂದು ಹೆದರಿಸುವವರಿದ್ದಾರೆ. ಮಗುವಿಗೆ ಸಂಬಂಧಿಕನಲ್ಲದವನನ್ನು ಮದುವೆಯಾದರೆ ತಾಯಿಯ ಹಕ್ಕು ಹೋಗುತ್ತದೆ ಎಂಬ ನಿಯಮ ಫಿಕ್ಹ್‌ನಲ್ಲಿ ಇದೆ ನಿಜ. ಕೋರ್ಟಿಗೆ ಮಾತ್ರ ಅದು ನೋಡಬೇಕಾದ ಅಂಶಗಳಲ್ಲಿ ಒಂದು, ಅಷ್ಟೇ. ಉಪ್ಪನ ಮರುಮದುವೆಗೂ ಇದೇ ಮಾತು.

ಬರೇ ಸಂಪಾದನೆ ಹೆಚ್ಚಿದ್ದರೂ ಸಾಲದು. ತಂದೆಗೆ ದುಬೈಯಲ್ಲಿ ಒಳ್ಳೆಯ ಸಂಬಳ, ತಾಯಿಗೆ ಕೆಲಸ ಇಲ್ಲ ಎಂದಿಟ್ಟುಕೊಳ್ಳಿ. ಆಗ ಮಗುವಿನ ಜೀವನಾಂಶ ಕೊಡುವಂತೆ ತಂದೆಗೆ ಹೇಳಬಹುದು. ಆ ಕಾರಣಕ್ಕೇ ಮಗುವನ್ನು ತಾಯಿಯಿಂದ ತೆಗೆಯಬೇಕೆಂದಿಲ್ಲ. ತಂದೆ ಅಲ್ಲಿದ್ದು ಮಗುವನ್ನು ಊರಿನ ಅಜ್ಜಿಯ ಬಳಿ ಬಿಡುವುದಾದರೆ, "ಹಾಗಾದರೆ ತಾಯಿಯೇ ಯಾಕಾಗಬಾರದು?" ಎಂಬ ಪ್ರಶ್ನೆ ಬಂದೇ ಬರುತ್ತದೆ.

ಖರ್ಚು ಮತ್ತು ಭೇಟಿ

ಫೋನ್ ಮಾಡಿದ ಆ ತಾಯಿಗೆ ನಾವು ಹೇಳಿದ್ದು ಇಷ್ಟು. ಖರ್ಚು ಕೊಡದಿರುವುದು ತಪ್ಪು, ಅದಕ್ಕೆ ಬೇರೆ ದಾರಿ ಇದೆ. ಮುಸ್ಲಿಂ ತಂದೆ ಮಕ್ಕಳಿಗೆ ಪ್ರಾಯ ತುಂಬುವವರೆಗೆ ಜೀವನಾಂಶ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1997ರಲ್ಲೇ ಹೇಳಿದೆ. ಹಿಂದೆ ಇದಕ್ಕೆ ಸಿಆರ್‌ಪಿಸಿ 125ನೇ ಕಲಂ ಇತ್ತು. 2024ರ ಜುಲೈ 1ರಿಂದ ಅದರ ಜಾಗದಲ್ಲಿ ಬಿಎನ್‌ಎಸ್‌ಎಸ್ 144ನೇ ಕಲಂ ಬಂದಿದೆ. ಒಂದೇ ಉಸಿರಿನಲ್ಲಿ ತಲಾಖ್ ಹೇಳಿದ ಪ್ರಕರಣವಾದರೆ, 2019ರ ಕಾಯ್ದೆಯ ಪ್ರಕಾರ ಮಕ್ಕಳ ಸುಪರ್ದಿ ಮತ್ತು ಖರ್ಚು ಎರಡನ್ನೂ ತಾಯಿ ಮ್ಯಾಜಿಸ್ಟ್ರೇಟರ ಬಳಿ ಕೇಳಬಹುದು.

ಆದರೆ ಖರ್ಚಿನ ಸಿಟ್ಟನ್ನು ಭೇಟಿಯ ಮೇಲೆ ತೀರಿಸಿದರೆ ಕೋರ್ಟಿನ ಕಣ್ಣಿಗೆ ಅದು ಕೆಟ್ಟದಾಗಿ ಕಾಣುತ್ತದೆ. ತಂದೆ-ತಾಯಿ ಇಬ್ಬರ ಪ್ರೀತಿಯೂ ಮಗುವಿನ ಹಕ್ಕು ಎಂದು ಸುಪ್ರೀಂ ಕೋರ್ಟ್ 2020ರ ಒಂದು ತೀರ್ಪಿನಲ್ಲಿ ಹೇಳಿತು. ದೂರ ಇರುವವರಿಗೆ ಫೋನ್, ವಿಡಿಯೊ ಕರೆಯ ಅವಕಾಶವೂ ಇರಬೇಕೆಂದಿತು. ಗಲ್ಫ್‌ನಲ್ಲಿರುವ ಉಪ್ಪಂದಿರು ಇದನ್ನು ನೆನಪಿಡಬೇಕು. ಭೇಟಿಯ ದಿನ, ರಜೆಯ ದಿನ, ಕರೆಯ ಹೊತ್ತು ಎಲ್ಲವನ್ನೂ ಆದೇಶದಲ್ಲಿ ಬರೆಸಿಕೊಳ್ಳಬಹುದು.

ಮಗುವನ್ನು ಹೇಳದೆ ಕರೆದುಕೊಂಡು ಹೋಗುವುದು, ಶಾಲೆ ಬದಲಿಸಿ ಅಡಗಿಸುವುದು, "ನಿನ್ನ ಉಪ್ಪ ಕೆಟ್ಟವ", "ನಿನ್ನ ಉಮ್ಮ ನಿನ್ನನ್ನು ಬಿಟ್ಟು ಹೋದಳು" ಎಂದು ತಲೆಗೆ ತುಂಬುವುದು: ಹೀಗೆ ಮಾಡಿದವರ ಕೇಸೇ ದುರ್ಬಲವಾಗುತ್ತದೆ. ಅದಕ್ಕಿಂತ ಶಾಲೆಯ ಫೀಸಿನ ರಸೀದಿ, ಲಸಿಕೆಯ ಕಾರ್ಡ್, ಪೋಷಕರ ಸಭೆಗೆ ಹೋದ ದಾಖಲೆ, ತಪ್ಪದೆ ಕಳಿಸಿದ ಹಣದ ಲೆಕ್ಕ ಕೆಲಸಕ್ಕೆ ಬರುತ್ತದೆ.

ಜಮಾಅತ್‌ನ ಪಾತ್ರ

ಮನಸ್ತಾಪ ಮೊದಲು ಬರುವುದು ಜಮಾಅತ್ ಕಮಿಟಿಯ ಮುಂದೆ. ಅದು ಒಳ್ಳೆಯದೇ. ಉಸ್ತಾದರು, ಹಿರಿಯರು ಕುಳಿತು ಎಷ್ಟೋ ಮನೆಗಳನ್ನು ಉಳಿಸಿದ್ದಾರೆ. ಆದರೆ ಫತ್ವಾಕ್ಕೆ ಕೋರ್ಟಿನ ಆದೇಶದ ಬಲ ಇಲ್ಲ ಎಂದು 2014ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಕಮಿಟಿಯ ಪುಸ್ತಕದಲ್ಲಿ "ಮಗುವಿನ ಮೇಲೆ ನನಗೆ ಹಕ್ಕಿಲ್ಲ" ಎಂದು ತಾಯಿಯ ಸಹಿ ಹಾಕಿಸಿಕೊಂಡರೂ ಕೋರ್ಟ್ ಅದಕ್ಕೆ ಕಟ್ಟುಬೀಳುವುದಿಲ್ಲ. ಯಾಕೆಂದರೆ ಮಗುವಿನ ಹಿತವನ್ನು ಇನ್ನೊಬ್ಬರು ಸಹಿ ಹಾಕಿ ಬಿಟ್ಟುಕೊಡಲು ಬರುವುದಿಲ್ಲ. ಖುಲಾ ಕೇಳುವ ಹೆಣ್ಣಿನ ಎದುರು ಮಗುವನ್ನು ಪಣಕ್ಕಿಡುವ ಮಾತುಕತೆಗೆ ನಮ್ಮ ಹಿರಿಯರು ಒಪ್ಪಬಾರದು.

ಎಲ್ಲಿಗೆ ಹೋಗಬೇಕು?

ಮಗು ಸಾಮಾನ್ಯವಾಗಿ ಎಲ್ಲಿ ವಾಸವಿದೆಯೋ ಅಲ್ಲಿನ ಕೋರ್ಟಿನಲ್ಲಿ ಅರ್ಜಿ ಹಾಕಬೇಕು. ಉದ್ಯಾವರದ ಮಗುವಿಗೆ ಅದು ಉಡುಪಿಯ ಕೌಟುಂಬಿಕ ನ್ಯಾಯಾಲಯ. ಅಲ್ಲಿ ಮೊದಲು ರಾಜಿಗೆ ಪ್ರಯತ್ನ ನಡೆಯುತ್ತದೆ. ಕೇಸು ನಡೆಯುವಾಗಲೇ ಮಧ್ಯಂತರ ಭೇಟಿಯನ್ನು ಕೇಳಬಹುದು. ವಕೀಲರ ಫೀಸಿಗೆ ಹಣ ಇಲ್ಲದ ಉಮ್ಮಂದಿರು ಹಿಂಜರಿಯಬೇಕಾಗಿಲ್ಲ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಮತ್ತು ಮಕ್ಕಳಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಸುಪರ್ದಿಯ ಆದೇಶ ಕಲ್ಲಿನ ಮೇಲೆ ಬರೆದದ್ದೂ ಅಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಮತ್ತೆ ಕೇಳಲು ಅವಕಾಶ ಇದೆ.

ಮಸೀದಿಯ ಹೊರಗೆ ಸಿಕ್ಕ ತಂದೆಯನ್ನು ನಾವು ತಿರುಗಿ ಕೇಳಿದೆವು: "ಮಗ ಯಾವ ಕ್ಲಾಸು? ಟೀಚರ ಹೆಸರು ಗೊತ್ತುಂಟಾ?" ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಕೋರ್ಟೂ ಇದನ್ನೇ ಕೇಳಬಹುದು ಎಂದೆವು. ರಜೆ ಮುಗಿಯುವ ಮೊದಲು ಒಮ್ಮೆ ಶಾಲೆಗೆ ಹೋಗಿ ಬನ್ನಿ ಎಂದು ಹೇಳಿ ಕಳಿಸಿದೆವು.