ಹೊಳೆಯುವ ಕಲ್ಲಿನ ಊರು ನಗರಕ್ಕೆ ಸೇರಿದ ಕಥೆ

ಸ್ಪೆಕ್ಟ್ರೊಲೈಟ್ ಎಂಬ ಕಲ್ಲಿದೆ. ಸುಮ್ಮನೆ ನೋಡಿದರೆ ಕಪ್ಪು. ಬೆಳಕಿಗೆ ಹಿಡಿದು ಓರೆ ಮಾಡಿದರೆ ನವಿಲುಗರಿಯಂತೆ ನೀಲಿ, ಹಸಿರು, ಹೊನ್ನಿನ ಬಣ್ಣ. 1940ರಲ್ಲಿ, ಸೋವಿಯತ್ ಒಕ್ಕೂಟದ ವಿರುದ್ಧದ ಚಳಿಗಾಲದ ಯುದ್ಧ ಮುಗಿದ ಮೇಲೆ ಫಿನ್ಲೆಂಡ್ ತನ್ನ ಹೊಸ ಗಡಿಯಲ್ಲಿ ರಕ್ಷಣಾ ಸಾಲು ಕಟ್ಟುತ್ತಿದ್ದಾಗ ಇದು ಸಿಕ್ಕಿತು. ಕಂಡವರು ಪೆಕ್ಕಾ ಲೈತಕಾರಿ. ಹೆಸರಿಟ್ಟವರು ಅವರ ತಂದೆ, ಭೂವಿಜ್ಞಾನಿ ಆರ್ನೆ ಲೈತಕಾರಿ. ಸಿಕ್ಕಿದ ಜಾಗ ದೇಶದ ಆಗ್ನೇಯ ಗಡಿಯ ಯುಲಾಮಾ. ಆ ಹೆಸರಿಗೆ ‘ಮೇಲ್ನಾಡು’ ಎಂದರ್ಥ.

ಯುಲಾಮಾ ಈಗಲೂ ಇದೆ, ಆದರೆ ಅದಕ್ಕೆ ಸ್ವಂತ ಆಡಳಿತವಿಲ್ಲ. 2010ರ ಜನವರಿ 1ರಂದು ಅದು ನೆರೆಯ ಲಪ್ಪೇನ್‌ರಾಂತ ನಗರದಲ್ಲಿ ವಿಲೀನವಾಯಿತು.

ಆಗ ಅಲ್ಲಿದ್ದವರು ಸುಮಾರು 1,400 ಜನ. ಇಷ್ಟು ಮಂದಿಗೊಂದು ಸ್ಥಳೀಯ ಸರ್ಕಾರ ಬೇಕೇ ಎಂದು ಓದುಗರು ಕೇಳಬಹುದು. ಫಿನ್ಲೆಂಡಿನಲ್ಲಿ ಇದಕ್ಕೆ ‘ಕುಂತಾ’ ಎನ್ನುತ್ತಾರೆ. ಬೀದಿದೀಪ, ಚರಂಡಿ ನೋಡಿಕೊಂಡು ಸುಮ್ಮನಿರುವ ಸಂಸ್ಥೆ ಇದಲ್ಲ. ಶಾಲೆ ನಡೆಸುವುದು ಅದೇ. ಜನರ ವರಮಾನದ ಮೇಲೆ ತೆರಿಗೆ ಹಾಕುವುದು, ಅದರ ದರ ಗೊತ್ತುಮಾಡುವುದು ಕೂಡ ಅದೇ. ಆರೋಗ್ಯ ಸೇವೆ, ವೃದ್ಧರ ಆರೈಕೆಯ ಹೊಣೆಯೂ ಅದರ ಮೇಲೇ ಇತ್ತು; 2023ರಲ್ಲಷ್ಟೇ ಅವು ಬೇರೆ ಪ್ರಾದೇಶಿಕ ಸಂಸ್ಥೆಗಳಿಗೆ ಹೋದವು. ಹರೆಯದವರು ನಗರ ಸೇರಿ ವಯಸ್ಸಾದವರು ಉಳಿದ ಊರಿನಲ್ಲಿ ತೆರಿಗೆ ಕಟ್ಟುವವರು ಕಡಿಮೆ, ಖರ್ಚು ಜಾಸ್ತಿ. ಲೆಕ್ಕ ಹೊಂದುವುದಾದರೂ ಹೇಗೆ?

2007ರಲ್ಲಿ ಬಂದ ಕಾನೂನು ಇನ್ನೊಂದು ಒತ್ತಡ ತಂದಿತು. ಪ್ರಾಥಮಿಕ ಆರೋಗ್ಯ ಸೇವೆ ನಡೆಸಲು ಕನಿಷ್ಠ 20,000 ಜನರಿರಬೇಕಿತ್ತು. ಇಲ್ಲದಿದ್ದರೆ ನೆರೆಯವರ ಜೊತೆ ಕೈಗೂಡಿಸಬೇಕಿತ್ತು ಅಥವಾ ವಿಲೀನವಾಗಬೇಕಿತ್ತು. ವಿಲೀನವಾದವರಿಗೆ ಸರ್ಕಾರದ ಅನುದಾನ, ನೌಕರರಿಗೆ ಐದು ವರ್ಷದ ಕೆಲಸದ ಭದ್ರತೆ. ಬಲವಂತವಲ್ಲ ನಿಜ, ಆಮಿಷವಂತೂ ಹೌದು. 2008ರಲ್ಲಿ 415 ಇದ್ದ ಕುಂತಾಗಳು ಮರುವರ್ಷದ ಆರಂಭಕ್ಕೆ 348ಕ್ಕೆ ಇಳಿದವು.

ಯುಲಾಮಾ ಬಹಳ ಹಳೆಯ ಕುಂತಾ ಏನಲ್ಲ. 1925ರಲ್ಲಿ ಸಾಕ್ಕಿಯಾರ್ವಿ ಎಂಬ ದೊಡ್ಡ ಕುಂತಾದಿಂದ ಬೇರ್ಪಟ್ಟು ಹುಟ್ಟಿದ್ದು. ಯುದ್ಧ ಸೋತ ಫಿನ್ಲೆಂಡ್ 1944ರಲ್ಲಿ ಸಾಕ್ಕಿಯಾರ್ವಿಯ ಬಹುಪಾಲನ್ನು ಸೋವಿಯತ್ ಒಕ್ಕೂಟಕ್ಕೆ ಬಿಟ್ಟುಕೊಟ್ಟಿತು. ಗಡಿಯ ಈಚೆ ಉಳಿದ ತುಂಡು ಯುಲಾಮಾ ಮತ್ತು ಪಕ್ಕದ ಮಿಯೆಹಿಕ್ಕಾಲಾ ನಡುವೆ ಹಂಚಿಹೋಯಿತು. ಹೀಗೆ ತಾಯಿಯ ಅಳಿದುಳಿದ ನೆಲವನ್ನು ಮಡಿಲಿಗೆ ಹಾಕಿಕೊಂಡಿದ್ದ ಮಗಳೇ 85 ವರ್ಷಕ್ಕೆ ಇನ್ನೊಂದು ಮನೆ ಸೇರಿದಳು.

ಲಪ್ಪೇನ್‌ರಾಂತದ ಜನಸಂಖ್ಯೆ 70,000ಕ್ಕೂ ಹೆಚ್ಚು. ಯುಲಾಮಾದ ತೆರಿಗೆ ದರ, ಶಾಲೆಯ ಅಳಿವು ಉಳಿವು ಈಗ ತೀರ್ಮಾನವಾಗುವುದು ಆ ನಗರದ ಮಂಡಳಿಯಲ್ಲಿ. ಅದನ್ನು ಆರಿಸುವವರಲ್ಲಿ ಯುಲಾಮಾದವರು ಐವತ್ತಕ್ಕೆ ಒಬ್ಬರೂ ಇಲ್ಲ.