ಸಿನಿಮಾ ಕ್ಯಾಮೆರಾ ಲೆನ್ಸ್ ಮೌಂಟ್

ಲೆನ್ಸ್ ಮೌಂಟ್ ಎಂಬುದು ಕ್ಯಾಮೆರಾಗೆ ಲೆನ್ಸನ್ನು ಜೋಡಿಸುವ, ಬಳೆಯಾಕಾರದ ಲೋಹದ ಭಾಗ. ಲೆನ್ಸ್ ಕಳಚಿ ಬೀಳದಂತೆ ಹಿಡಿಯುವುದು ಇದರ ಸುಲಭದ ಕೆಲಸ. ಅದನ್ನು ಫಿಲ್ಮ್ ಅಥವಾ ಸಂವೇದಕದಿಂದ ನಿಗದಿತ ದೂರದಲ್ಲಿ, ಓರೆಯಾಗದಂತೆ ನಿಲ್ಲಿಸುವುದೇ ಕಷ್ಟದ ಕೆಲಸ. ಮೌಂಟಿನ ಮುಖದಿಂದ ಬಿಂಬ ಮೂಡುವ ಸಮತಲದವರೆಗಿನ ಈ ಅಂತರಕ್ಕೆ ಫ್ಲ್ಯಾಂಜ್ ದೂರ ಎಂದು ಹೆಸರು.

ಅಳತೆಗಳು

16 ಮಿ.ಮೀ. ಕ್ಯಾಮೆರಾಗಳ ತಿರುಪಿನ ಸಿ ಮೌಂಟಿನಲ್ಲಿ ಈ ದೂರ 17.526 ಮಿ.ಮೀ.; ಪ್ಯಾನಾವಿಷನ್ ಮೌಂಟಿನಲ್ಲಿ 57.15 ಮಿ.ಮೀ.; ಮಿಚೆಲ್ ಬಿಎನ್‌ಸಿಆರ್ ಮೌಂಟಿನಲ್ಲಿ 61.47 ಮಿ.ಮೀ. ಇಂದು ವ್ಯಾಪಕ ಬಳಕೆಯಲ್ಲಿರುವ ಆರಿ ಸಂಸ್ಥೆಯ ಪಿಎಲ್ ಮೌಂಟಿನಲ್ಲಿ ಫ್ಲ್ಯಾಂಜ್ ದೂರ 52 ಮಿ.ಮೀ., ಒಳವ್ಯಾಸ 54 ಮಿ.ಮೀ. ಅದೇ ಸಂಸ್ಥೆ 2018ರಲ್ಲಿ ತಂದ ಎಲ್‌ಪಿಎಲ್ ಮೌಂಟಿನಲ್ಲಿ ಇವು ಕ್ರಮವಾಗಿ 44 ಮತ್ತು 62 ಮಿ.ಮೀ. ಎಂಟು ಮಿ.ಮೀ. ಜಾಗ ಉಳಿದಿರುವುದರಿಂದ, ನಡುವೆ ಅಡಾಪ್ಟರ್ ಇಟ್ಟು ಎಲ್‌ಪಿಎಲ್ ಕ್ಯಾಮೆರಾಗೆ ಪಿಎಲ್ ಲೆನ್ಸ್ ಹಾಕಬಹುದು. ಇದರ ವಿಲೋಮ ಸಾಧ್ಯವಿಲ್ಲ.

ಟಾಲರೆನ್ಸ್

ಫ್ಲ್ಯಾಂಜ್ ದೂರವನ್ನು ಸಾಮಾನ್ಯವಾಗಿ ಮಿಲಿಮೀಟರಿನ ನೂರರಲ್ಲೊಂದು ಭಾಗದ ಮಟ್ಟದಲ್ಲಿ ಹೊಂದಿಸುತ್ತಾರೆ. ತಲೆಗೂದಲಿನ ದಪ್ಪ ಇದಕ್ಕಿಂತ ಹಲವು ಪಟ್ಟು ಹೆಚ್ಚು. ಇಷ್ಟು ಕಟ್ಟುನಿಟ್ಟು ಏಕೆಂಬುದನ್ನು ಸರಳ ಲೆಕ್ಕವೊಂದು ತೋರಿಸುತ್ತದೆ. ಫ್ಲ್ಯಾಂಜ್ ದೂರ ಬೇಕಾದುದಕ್ಕಿಂತ ಹೆಚ್ಚಿದ್ದರೆ, ಅನಂತದ ಗುರುತಿನಲ್ಲಿಟ್ಟ ಲೆನ್ಸ್ ವಾಸ್ತವವಾಗಿ ಫೋಕಸ್ ಆಗುವ ದೂರವು ನಾಭಿದೂರದ ವರ್ಗವನ್ನು ಆ ಹೆಚ್ಚಳದಿಂದ ಭಾಗಿಸಿದಷ್ಟು. 0.02 ಮಿ.ಮೀ. ಹೆಚ್ಚಿದ್ದರೆ 100 ಮಿ.ಮೀ. ಲೆನ್ಸ್ 500 ಮೀಟರಿನಾಚೆ ಫೋಕಸ್ ಆಗದು, 18 ಮಿ.ಮೀ. ಲೆನ್ಸ್ ಸುಮಾರು 16 ಮೀಟರಿಗೇ ನಿಂತುಬಿಡುತ್ತದೆ. ಅಗಲಕೋನದ ಲೆನ್ಸ್ ಫೋಕಸ್ ವಿಷಯದಲ್ಲಿ ಕ್ಷಮಾಶೀಲ ಎಂಬ ನಂಬಿಕೆ ಮೌಂಟಿನ ಮಟ್ಟಿಗೆ ತಲೆಕೆಳಗು.

ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟದ ಮೇಲಿಂದ ನಸುಕಿನಲ್ಲಿ ಬಯಲನ್ನು ಇದೇ 18 ಮಿ.ಮೀ. ಲೆನ್ಸಿನಿಂದ, ಎಫ್/1.4ರಷ್ಟು ತೆರೆದು ಸೆರೆಹಿಡಿದರೆ, ದೂರದ ಪ್ರತಿ ಬಿಂದುವೂ 0.014 ಮಿ.ಮೀ. ಅಗಲದ ಮಸುಕು ಚುಕ್ಕೆಯಾಗುತ್ತದೆ. ಸೂಪರ್ 35 ಅಳತೆಯ 4ಕೆ ಸಂವೇದಕದಲ್ಲಿ ಇದು ಎರಡು ಪಿಕ್ಸೆಲ್‌ಗಿಂತ ದೊಡ್ಡದು. ಹಗಲಲ್ಲಿ ಎಫ್/8ಕ್ಕೆ ಕಿರಿದಾಗಿಸಿದರೆ ದೋಷ ಕಣ್ಣಿಗೆ ಬೀಳದು. ಪರೀಕ್ಷೆಯನ್ನು ಪೂರ್ತಿ ತೆರೆದ ಲೆನ್ಸಿನಲ್ಲಿಯೇ ಮಾಡುವುದು ಇದಕ್ಕಾಗಿ. ದೂರ ಕಡಿಮೆಯಾಗಿದ್ದರೂ ತೊಂದರೆಯೇ: ಲೆನ್ಸಿನ ಮೇಲಿನ ಅಡಿ, ಮೀಟರು ಗುರುತುಗಳೆಲ್ಲ ಸುಳ್ಳಾಗಿ, ಟೇಪು ಹಿಡಿದು ಅಳೆಯುವ ಫೋಕಸ್ ಪುಲ್ಲರ್‌ನ ಶ್ರಮ ವ್ಯರ್ಥವಾಗುತ್ತದೆ.

ಸಿನಿಮಾಸ್ಕೋಪ್

ಮೈಸೂರಿನಲ್ಲಿ ಹುಟ್ಟಿ ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್‌ನಲ್ಲಿ ಕಲಿತ ವಿ. ಕೆ. ಮೂರ್ತಿ ಛಾಯಾಗ್ರಹಣ ಮಾಡಿದ ‘ಕಾಗಜ್ ಕೆ ಫೂಲ್’ (1959) ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ. ಕನ್ನಡದಲ್ಲಿ ಆ ಸ್ಥಾನ ‘ಸೊಸೆ ತಂದ ಸೌಭಾಗ್ಯ’ದ್ದು (1977). ಈ ಪದ್ಧತಿಯ ಅನಮಾರ್ಫಿಕ್ ಲೆನ್ಸ್ ದೃಶ್ಯದ ಅಗಲವನ್ನು ಅರ್ಧಕ್ಕೆ ಕುಗ್ಗಿಸುವುದರಿಂದ, ಲೆನ್ಸ್ ಸ್ವಲ್ಪ ತಿರುಗಿ ಕುಳಿತರೂ ಚಿತ್ರ ವಾಲುತ್ತದೆ. ಪಿಎಲ್ ಮೌಂಟಿನಲ್ಲಿ ಸಣ್ಣ ಪಿನ್ನೊಂದು ಲೆನ್ಸಿನ ಕಚ್ಚಿನಲ್ಲಿ ಕೂತು ಇದನ್ನು ತಡೆಯುತ್ತದೆ.

ಹೊಂದಾಣಿಕೆ

ಫಿಲ್ಮ್ ಕ್ಯಾಮೆರಾದಲ್ಲಿ ಡೆಪ್ತ್ ಗೇಜ್‌ನಿಂದಲೂ ಡಿಜಿಟಲ್ ಕ್ಯಾಮೆರಾದಲ್ಲಿ ಕಾಲಿಮೇಟರ್‌ನಿಂದಲೂ ದೂರವನ್ನು ಪರೀಕ್ಷಿಸಿ, ಮೌಂಟಿನ ಹಿಂದೆ ಶಿಮ್ ಎಂಬ ತೆಳು ಬಿಲ್ಲೆಗಳನ್ನು ಸೇರಿಸುತ್ತಾರೆ ಇಲ್ಲವೇ ತೆಗೆಯುತ್ತಾರೆ. ಉಷ್ಣಾಂಶ 20 ಡಿಗ್ರಿ ಸೆಲ್ಸಿಯಸ್ ಏರಿದರೆ 52 ಮಿ.ಮೀ. ಅಲ್ಯುಮಿನಿಯಂ ಸುಮಾರು 0.024 ಮಿ.ಮೀ. ಹಿಗ್ಗುತ್ತದೆ. ಆದ್ದರಿಂದ ಕ್ಯಾಮೆರಾ ಚಿತ್ರೀಕರಣದ ವೇಳೆಯ ಉಷ್ಣಾಂಶಕ್ಕೆ ಬಂದ ಮೇಲೆಯೇ ಅಳೆಯುವುದು ಉತ್ತಮ.