ಯಾರೂ ಬಿತ್ತದ ಹೂದೋಟ

ಹೂವಿನ ಬೀಜ ಮೊಳೆಸುವುದು ತಾಳ್ಮೆಯ ಕೆಲಸ. ದೂಳಿನಷ್ಟು ಸಣ್ಣದಾದ ಪೆಟೂನಿಯಾ ಬೀಜದ ಮೇಲೆ ಮಣ್ಣು ಮುಚ್ಚಿದರೆ ಅದು ಏಳುವುದೇ ಇಲ್ಲ. ಆಸ್ಟರ್ ಬೀಜವನ್ನು ಹೆಚ್ಚು ಕಾಲ ಇಟ್ಟರೆ ಮೊಳೆಯುವ ಶಕ್ತಿ ಹೋಗುತ್ತದೆ. ಚೆಂಡುಹೂ ಸಲೀಸು ಅಂದುಕೊಂಡರೂ ಒಟ್ಲು ಪಾತಿಯಲ್ಲಿ ನೀರು ನಿಂತರೆ ಸಸಿಗಳು ಬುಡ ಕೊಳೆತು ಸಾಲುಸಾಲೇ ಮಲಗಿಬಿಡುತ್ತವೆ.

ಇಂಥ ಯಾವ ಉಪಚಾರವೂ ಬೇಡದ ತೋಟದ ಹೂವೊಂದನ್ನು ನೋಡಬೇಕಿದ್ದರೆ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟದ ದಾರಿ ಹಿಡಿಯಬೇಕು. ಕೊಳ್ಳೇಗಾಲದ ಕಡೆಯವರಾದರೆ ಹನೂರು ದಾಟಿ, ತಾಳಬೆಟ್ಟದ ತಿರುವುಗಳಲ್ಲಿ ಮಾದಪ್ಪನ ಬೆಟ್ಟ ಹತ್ತಬೇಕು. ರಸ್ತೆಯ ಎರಡೂ ಬದಿಗೆ ಹಳದಿ, ಗುಲಾಬಿ, ಕಿತ್ತಳೆ ಬಣ್ಣದ ಪುಟ್ಟ ಗೊಂಚಲುಗಳು, ಮೇಲೆ ಚಿಟ್ಟೆಗಳು. ಹೊಸಬರು ಕಾರು ನಿಲ್ಲಿಸಿ ಫೋಟೊ ತೆಗೆಯುತ್ತಾರೆ. ಅದು ಲಂಟಾನ. ಈಗ ಕಳೆ ಎಂದು ಬೈಸಿಕೊಳ್ಳುವ ಈ ಗಿಡ ಇಲ್ಲಿಗೆ ಬಂದಿದ್ದು ಅಲಂಕಾರಕ್ಕೆಂದು.

ಅದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. 17ನೇ ಶತಮಾನದಲ್ಲಿ ಡಚ್ಚರು ಅದನ್ನು ಬ್ರೆಜಿಲ್‌ನಿಂದ ಯುರೋಪಿಗೆ ಒಯ್ದರು. 1753ರಲ್ಲಿ ಲಿನ್ನೇಯಸ್ ಅದಕ್ಕೆ ಲಂಟಾನ ಕಮಾರ ಎಂದು ಹೆಸರಿಟ್ಟ. ಗಾಜಿನ ಮನೆಗಳಲ್ಲಿ ತೋಟಗಾರರು ಬಗೆಬಗೆಯ ಲಂಟಾನಗಳನ್ನು ಒಂದಕ್ಕೊಂದು ಕೂಡಿಸಿ ಹೊಸ ಹೊಸ ಬಣ್ಣಗಳನ್ನು ಹುಟ್ಟಿಸಿದರು. ಹಾಗಾಗಿ ಇಂದು ನಮ್ಮ ಕಾಡಿನಲ್ಲಿರುವುದು ಯಾವುದೋ ಒಂದು ಕಾಡಿನ ಮೂಲ ಸಸ್ಯವಲ್ಲ. ಮನುಷ್ಯರೇ ಬೆರೆಸಿ ಬೆಳೆಸಿದ ತಳಿಗಳ ಗುಂಪು. 1809ರ ಹೊತ್ತಿಗೆ ಅದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಅಲ್ಲಿಂದ ದಂಡುಪ್ರದೇಶಗಳ ಬಂಗಲೆಗಳಿಗೆ, ಬೇಲಿಗಳಿಗೆ, ಕೊಡಗಿನ ಕಾಫಿ ಸೀಮೆಗೆ ಹಬ್ಬಿತು. ಮುಂದಿನದು ಹಕ್ಕಿಗಳ ಕೆಲಸ.

ತೋಟಕ್ಕೆ ಒಳ್ಳೆಯ ಹೂಗಿಡ ಯಾವುದು ಎಂದು ಯಾರನ್ನಾದರೂ ಕೇಳಿ. ವರ್ಷವಿಡೀ ಹೂ ಬಿಡಬೇಕು, ನೀರಿಲ್ಲದಿದ್ದರೂ ಬದುಕಬೇಕು, ದನಕರು ಬಾಯಿ ಹಾಕಬಾರದು, ಕತ್ತರಿಸಿದಷ್ಟೂ ಚಿಗುರಬೇಕು, ಚಿಟ್ಟೆ ಬರಬೇಕು ಅನ್ನುತ್ತಾರೆ. ಇವಿಷ್ಟೂ ಲಂಟಾನಕ್ಕಿವೆ. ಒಂದು ದೊಡ್ಡ ಕಳೆಯ ಜಾತಕ ಬರೆಯಲು ಕೂತರೂ ಇದನ್ನೇ ಬರೆಯಬೇಕಾದೀತು. ತೋಟಗಾರ ಮೆಚ್ಚಿ ಆರಿಸಿದ ಗುಣಗಳೇ ಕಾಡಿಗೆ ಮುಳುವಾದವು ಎಂಬುದು ಈ ಕತೆಯಲ್ಲಿ ನನಗೆ ಕಾಣುವ ಮುಖ್ಯ ಮಾತು.

ಹೂವಿನ ಜಾಣತನವನ್ನೇ ನೋಡಿ. ಅರಳಿದ ದಿನ ಹಳದಿಯಾಗಿದ್ದ ಹೂ ಪರಾಗಸ್ಪರ್ಶವಾದ ಮೇಲೆ ಗುಲಾಬಿಗೋ ಕೆಂಪಿಗೋ ತಿರುಗುತ್ತದೆ. ಚಿಟ್ಟೆ ಮಕರಂದವಿರುವ ಹಳದಿಗೇ ಬರುತ್ತದೆ. ಹಳೆಯ ಹೂಗಳು ಉದುರದೆ ಗೊಂಚಲನ್ನು ದೊಡ್ಡದಾಗಿ ತೋರಿಸುತ್ತ ನಿಲ್ಲುತ್ತವೆ. ಆಮೇಲೆ ಹಸಿರು ಕಾಯಿ, ಆಮೇಲೆ ಕಡುನೇರಳೆ ಹಣ್ಣು. ಬಲಿತ ಪೊದೆಯೊಂದು ವರ್ಷಕ್ಕೆ 12,000ದವರೆಗೆ ಹಣ್ಣು ಬಿಡಬಲ್ಲದು. ಪಿಕಳಾರ, ಗೊರವಂಕಗಳು ಅದನ್ನು ತಿಂದು, ಇನ್ನೊಂದು ಮರದ ಕೆಳಗೆ ಗೊಬ್ಬರ ಸಮೇತ ಬಿತ್ತಿ ಹೋಗುತ್ತವೆ. ಎಲೆಯನ್ನು ದನ ಮೇಯುವುದಿಲ್ಲ; ಮೇವಿಲ್ಲದೆ ಮೇದರೆ ಅದರ ವಿಷದಿಂದ ಕಾಮಾಲೆ ತಗಲುತ್ತದೆ, ಬಿಸಿಲಿಗೆ ಚರ್ಮ ಸುಟ್ಟಂತಾಗುತ್ತದೆ.

ಇದೇ ಸೀಮೆಯ ಗುಂಡ್ಲುಪೇಟೆಯ ಚೆಂಡುಹೂ ಹೊಲಗಳನ್ನು ಪಕ್ಕದಲ್ಲಿಟ್ಟರೆ ವ್ಯತ್ಯಾಸ ತಿಳಿಯುತ್ತದೆ. ಚೆಂಡುಹೂವೂ ಅಮೆರಿಕದಿಂದ, ಮೆಕ್ಸಿಕೊ ಕಡೆಯಿಂದ ಬಂದದ್ದೇ. ಮಳೆಗಾಲದಲ್ಲಿ ಊಟಿ ರಸ್ತೆಯ ಎರಡೂ ಬದಿಯನ್ನು ಹಳದಿ ಮಾಡುತ್ತದೆ, ಬಣ್ಣ ತೆಗೆಯುವ ಕಾರ್ಖಾನೆಗೆ, ಓಣಂ ಸಮಯದಲ್ಲಿ ಕೇರಳದ ಅಂಗಳಗಳಿಗೆ ಹೋಗುತ್ತದೆ. ಆದರೆ ಬಂಡೀಪುರದ ಕಾಡಿಗೆ ನುಗ್ಗಿಲ್ಲ. ಹಕ್ಕಿ ತಿನ್ನುವ ಹಣ್ಣು ಅದಕ್ಕಿಲ್ಲ. ಒಣಕಲು ಬೀಜವನ್ನು ಮನುಷ್ಯನೇ ಉದುರಿಸಿಕೊಂಡು ಮತ್ತೆ ಬಿತ್ತಬೇಕು. ಆಯುಧಪೂಜೆಯ ಹಾರವನ್ನು ಒಣಗಿಸಿ ಬೀಜಕ್ಕೆಂದು ಎತ್ತಿಡುವವರಿಗೆ ಇದು ಗೊತ್ತು.

ಲಂಟಾನವನ್ನು ಹದ್ದಿನಲ್ಲಿಡಲು ಬ್ರಿಟಿಷರ ಕಾಲದಲ್ಲೇ ಹುಡುಕಾಟ ನಡೆದಿತ್ತು. ಮದರಾಸು ಪ್ರಾಂತ್ಯದ ಕೀಟವಿಜ್ಞಾನಿ ವೈ. ರಾಮಚಂದ್ರ ರಾವ್ ಅವರು ಲಂಟಾನ ತಿನ್ನುವ ಕೀಟಗಳನ್ನು ದೇಶವಿಡೀ ಹುಡುಕಿ 1920ರಲ್ಲಿ ವರದಿ ಪ್ರಕಟಿಸಿದರು. ಗಿಡವನ್ನು ಬಗ್ಗಿಸುವಂಥ ಕೀಟ ಯಾವುದೂ ಸಿಗಲಿಲ್ಲ. 1941ರಲ್ಲಿ ಆಸ್ಟ್ರೇಲಿಯಾದಿಂದ ಒಂದು ತಿಗಣೆಯನ್ನು ಡೆಹ್ರಾಡೂನ್‌ಗೆ ತರಿಸಿದರು. ಅದು ತೇಗದ ಹೂವಿಗೂ ಬಾಯಿ ಹಾಕೀತೆಂದು ಹೆದರಿ ಸಾಕಿದ್ದನ್ನೆಲ್ಲ ಕೊಂದರು. ಹತ್ತು ವರ್ಷದ ಮೇಲೆ ನೋಡಿದರೆ ತಿಗಣೆ ತಪ್ಪಿಸಿಕೊಂಡು ಹೊರಗೆ ಸಂಸಾರ ಹೂಡಿತ್ತು! ತೇಗಕ್ಕೂ ಏನಾಗಲಿಲ್ಲ, ಲಂಟಾನಕ್ಕೂ ಏನಾಗಲಿಲ್ಲ. ಪಾಪಾಸುಕಳ್ಳಿಯ ವಿಷಯದಲ್ಲಿ ಮಾತ್ರ ಈ ಉಪಾಯ ಫಲಿಸಿತ್ತು: 1926ರಲ್ಲಿ ಸಿಂಹಳದಿಂದ ತಂದ ಕೀಟ ಕೆಲವೇ ವರ್ಷಗಳಲ್ಲಿ ದಕ್ಷಿಣದ ಕಳ್ಳಿಮೆಳೆಗಳನ್ನು ಮುಗಿಸಿತು.

ಬಿಳಿಗಿರಿರಂಗನ ಬೆಟ್ಟದಲ್ಲಿ ಲಂಟಾನ ಹೇಗೆ ಹೆಚ್ಚಿತು ಎಂಬುದಕ್ಕೆ ಬೇರೆಯೇ ವಿವರಣೆ ಇದೆ, ಅದು ಅಲ್ಲಿನ ಆದಿವಾಸಿಗಳಾದ ಸೋಲಿಗರದ್ದು. ಬೇಸಿಗೆ ಬಲಿಯುವ ಮುಂಚೆ, ಜನವರಿ ಫೆಬ್ರವರಿಯ ಸುಮಾರಿಗೆ, ಅವರು ಕಾಡಿನ ನೆಲದ ತರಗಿಗೆ ಕಿಚ್ಚು ಹಚ್ಚುತ್ತಿದ್ದರು. ತರಗು ಬೆಂಕಿ ಎಂದು ಅದಕ್ಕೆ ಹೆಸರು. ಸಣ್ಣ ಉರಿ, ನೆಲದ ಮೇಲೇ ಓಡಿ ಆರುತ್ತಿತ್ತು. ದೊಡ್ಡ ಮರಕ್ಕೆ ತೊಂದರೆಯಿಲ್ಲ, ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಕಾಡು ಅಭಯಾರಣ್ಯವಾಯಿತು. ಸೋಲಿಗರ ಕುಮರಿ ಬೇಸಾಯ ನಿಂತಿತು, ಅವರನ್ನು ಪೋಡುಗಳೆಂಬ ಹಾಡಿಗಳಲ್ಲಿ ನೆಲೆಗೊಳಿಸಲಾಯಿತು, ಬೆಂಕಿ ಹಚ್ಚುವುದು ಅಪರಾಧವಾಯಿತು.

ಬೆಂಗಳೂರಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಅಂಕಿಲಾ ಹಿರೇಮಠ್ ಮತ್ತು ಭರತ್ ಸುಂದರಂ 2005ರಲ್ಲಿ ಒಂದು ಊಹೆ ಮುಂದಿಟ್ಟಿದ್ದರು: ಬೆಂಕಿಯಿಂದ ಲಂಟಾನ ಹೆಚ್ಚುತ್ತದೆ, ಲಂಟಾನ ಹೆಚ್ಚಿದಂತೆ ಬೆಂಕಿಯೂ ಹೆಚ್ಚುತ್ತದೆ ಎಂದು. ಕೇಳಲು ಸರಿಯಾಗಿಯೇ ಇತ್ತು. ಸೋಲಿಗ ಹಿರಿಯರ ಲೆಕ್ಕ ಇದಕ್ಕೆ ತಿರುಗುಮುರುಗು. ಬೆಂಕಿ ಇದ್ದಾಗ ಲಂಟಾನದ ಬೀಜ, ಎಳೆಸಸಿ ಸುಟ್ಟುಹೋಗುತ್ತಿದ್ದವು; ನಿಂತ ಮೇಲೆಯೇ ಅದು ತಲೆ ಎತ್ತಿದ್ದು, ನೆಲ್ಲಿಮರಗಳ ಮೇಲೆ ಉಪ್ಪಿಲು ಬಂದಳಿಕೆ ಹೆಚ್ಚಿದ್ದೂ ಆಗಲೇ ಎಂದರು. ಈ ತಿಳಿವಳಿಕೆಯನ್ನು ಅದೇ ಸಂಶೋಧಕರು ಸಹೋದ್ಯೋಗಿಗಳೊಂದಿಗೆ 2012ರಲ್ಲಿ ಪ್ರಬಂಧವಾಗಿ ಪ್ರಕಟಿಸಿದರು. ತಮ್ಮ ಊಹೆಗೇ ಎದುರಾದ ಮಾತನ್ನು ಮರ್ಯಾದೆಯಿಂದ ದಾಖಲಿಸಿದ್ದು ದೊಡ್ಡ ವಿಷಯ. ಅದೇ ಕಾಡಿನ 134 ತಾಕುಗಳನ್ನು ಅವರು ಹೋಲಿಸಿ ನೋಡಿದ್ದರು. 1997ರಲ್ಲಿ ಶೇ 41ರಷ್ಟು ತಾಕುಗಳಲ್ಲಿದ್ದ ಲಂಟಾನ 2008ಕ್ಕೆ ಶೇ 81ರಲ್ಲಿತ್ತು. ಹನ್ನೊಂದೇ ವರ್ಷ!

2011ರಲ್ಲಿ ಈ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಅದೇ ವರ್ಷ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕೂ ಸಿಕ್ಕಿತು. ಹುಲಿ ಕಾಡಿನೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಮೊದಲು. ಜೇನು, ನೆಲ್ಲಿಕಾಯಿ ತೆಗೆಯಬಹುದು, ತರಗಿಗೆ ಕಿಚ್ಚಿಡುವಂತಿಲ್ಲ. ಹತ್ತಾರು ಎಕರೆಯಲ್ಲಾದರೂ ಅವರ ಕೈಯಿಂದಲೇ ಹಚ್ಚಿಸಿ ನೋಡಬಾರದೇಕೆ? ಈಗ ಲಂಟಾನ ಆಳೆತ್ತರಕ್ಕೆ ಒಣಗಿ ನಿಂತಿರುವಲ್ಲಿ ಕಿಡಿ ಬಿದ್ದರೆ ಅದು ತರಗು ಬೆಂಕಿಯಾಗಿ ಉಳಿಯದು ನಿಜ. ಮೊದಲು ಕಡಿದು, ಆಮೇಲೆ ಸುಡಬೇಕು.

ಮಾದಪ್ಪನ ಬೆಟ್ಟದಲ್ಲಿ ಕತೆ ಇನ್ನೊಂದು ಕಡೆ ಹೊರಳಿತು. ಬುಟ್ಟಿ ಹೆಣೆಯುವವರಿಗೆ ಬಿದಿರು ಸಿಗುವುದು ಕಷ್ಟವಾಗಿತ್ತು. ಲಂಟಾನ ಎಷ್ಟು ಬೇಕಾದರೂ ಇತ್ತು, ಕಡಿದರೆ ಕೇಳುವವರಿಲ್ಲ. 2004ರಿಂದ ಏಟ್ರೀ ಅಲ್ಲಿ ಲಂಟಾನ ಕರಕುಶಲ ತರಬೇತಿ ಕೊಡತೊಡಗಿತು. ಕಾಂಡವನ್ನು ಬೇಯಿಸಿ, ಸಿಪ್ಪೆ ಸುಲಿದು, ಹದ ಇರುವಾಗಲೇ ಬಗ್ಗಿಸಿ ಕುರ್ಚಿ, ಸೋಫಾ, ಬುಟ್ಟಿ, ಆಟಿಕೆ ಮಾಡುತ್ತಾರೆ. ಗಡಿಯಾಚೆ ಗೂಡಲೂರಿನ ಆದಿವಾಸಿಗಳು ಅದರಲ್ಲೇ ನಿಜಗಾತ್ರದ ಆನೆಗಳನ್ನು ಹೆಣೆದರು. ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರ ಆರಂಭದಲ್ಲಿ ಲಾಲ್‌ಬಾಗಿಗೆ ಬಂದವು, ಅದೇ ವರ್ಷ ಅಮೆರಿಕಕ್ಕೂ ಹೋದವು. ಸಂತೋಷದ ಸುದ್ದಿಯೇ. ಕೈಗಳಿಗೆ ಕೂಲಿ ಸಿಗುತ್ತದೆ. ಆದರೆ ಕುರ್ಚಿ ಹೆಣೆದು ಕಾಡು ತೆರವಾಗುವುದಿಲ್ಲ. 2020ರ ಅಧ್ಯಯನವೊಂದರ ಪ್ರಕಾರ ದೇಶದ ಸುಮಾರು 1,54,000 ಚದರ ಕಿ.ಮೀ. ಕಾಡಿನಲ್ಲಿ ಲಂಟಾನವಿದೆ, ಹುಲಿ ಇರುವ ನೆಲೆಯಲ್ಲಿ ಶೇ 40ಕ್ಕೂ ಹೆಚ್ಚು.

ಇನ್ನೊಂದು ಲಂಟಾನ ಆಗಲೇ ಬಂದಿದೆ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಮರವನ್ನು ಅಂದಕ್ಕೂ ನೆರಳಿಗೂ ನೆಟ್ಟರು. ವಯನಾಡಿನ ಕಾಡನ್ನು ತುಂಬಿ ಅದು ಬಂಡೀಪುರ, ನಾಗರಹೊಳೆಗೆ ದಾಟಿದೆ. ತಮಿಳುನಾಡು ಅದನ್ನು ಕಡಿದು ಕಾಗದ ಕಾರ್ಖಾನೆಗೆ ಕಳಿಸುತ್ತಿದೆ.

ಹೂವಿನ ಬೀಜ ಬಿತ್ತುವುದನ್ನು ಯಾರೂ ನಿಲ್ಲಿಸಬೇಕಿಲ್ಲ. ಜಿನಿಯಾ, ಚೆಂಡುಹೂ, ಗೌರಿಹೂ, ಆಸ್ಟರ್ ಎಷ್ಟು ಬೇಕಾದರೂ ಹಾಕಿ. ನರ್ಸರಿಯಲ್ಲಿ ಹೊಸ ಗಿಡ ಕೊಳ್ಳುವಾಗ ಮಾತ್ರ ಹೂವಿನ ಬಣ್ಣದ ಜೊತೆಗೆ ಅದು ಹಣ್ಣು ಬಿಡುತ್ತದೆಯೇ, ಹಣ್ಣನ್ನು ಹಕ್ಕಿ ತಿನ್ನುತ್ತದೆಯೇ ಎಂದೂ ಕೇಳಿ. ಹನೂರು, ಯಳಂದೂರಿನ ಕಾಡಂಚಿನಲ್ಲಿ ಜಮೀನಿರುವವರು ಬೇಲಿಯ ಲಂಟಾನವನ್ನು ಕಾಯಿ ಕಟ್ಟುವ ಮೊದಲೇ ತೆಗೆಯಬೇಕು. ಮೇಲೆ ಮೇಲೆ ಸವರಿದರೆ ಇನ್ನಷ್ಟು ಚಿಗುರುತ್ತದೆ. ನೆಲಮಟ್ಟದಿಂದ ಕೆಳಗೆ ಬೇರಿನ ಬುಡಕ್ಕೆ ಕಡಿದು, ಗಿಡವನ್ನು ತಲೆಕೆಳಗಾಗಿ ಒಣಗಲು ಬಿಡಿ.